ಕಣ್ಣು ಮೂಡುವ ವಾರಗಳು

ಮಾನವಭ್ರೂಣದಲ್ಲಿ ಕಣ್ಣಿನ ರಚನೆ ನಾಲ್ಕನೆಯ ವಾರಕ್ಕೇ ಕಾಣಿಸಿಕೊಳ್ಳುತ್ತದೆ. ಎಳೆಯ ಮಿದುಳಿನ ಎರಡು ಪಕ್ಕಗಳಿಂದ ಗುಳ್ಳೆಗಳು ಹೊರಕ್ಕೆ ಉಬ್ಬುತ್ತವೆ. ಅವು ಮುಟ್ಟಿದೆಡೆ ಭ್ರೂಣದ ಹೊರಪದರ ದಪ್ಪಗಾಗಿ, ಗುಳಿಬಿದ್ದು, ಕಳಚಿಕೊಂಡು ಮಸೂರವಾಗುತ್ತದೆ. ಗುಳ್ಳೆಯು ಬಟ್ಟಲಿನಂತೆ ಮಡಿಚಿಕೊಂಡು ಅಕ್ಷಿಪಟವಾಗುತ್ತದೆ. ತಾನು ಬಸುರಿಯೆಂದು ತಾಯಿಗೆ ಖಚಿತವಾಗುವ ಮುನ್ನವೇ ಇಷ್ಟೆಲ್ಲ ನಡೆದಿರುವುದುಂಟು.

ಈ ವಾರಗಳು ಎಷ್ಟು ನಾಜೂಕಾದುವೆಂದು ತೋರಿಸಿಕೊಟ್ಟವರು ಆಸ್ಟ್ರೇಲಿಯದ ಸಿಡ್ನಿ ನಗರದ ನೇತ್ರವೈದ್ಯ ನಾರ್ಮನ್ ಗ್ರೆಗ್. 1941ರ ಮೊದಲ ತಿಂಗಳುಗಳಲ್ಲಿ ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಬಂದಿದ್ದ ಕೂಸುಗಳು ಅವರ ಬಳಿಗೆ ಒಂದರ ಹಿಂದೊಂದು ಬಂದುವು. ಹಲವಕ್ಕೆ ಹೃದಯದಲ್ಲೂ ದೋಷ. ಇಂಥವು ವಂಶದಿಂದ ಬರುವುವೆಂಬುದೇ ಆಗಿನ ಸಾಮಾನ್ಯ ನಂಬಿಕೆ. ಆದರೆ ಒಮ್ಮೆಗೇ ಇಷ್ಟು ಮನೆತನಗಳಲ್ಲಿ ದೋಷ ತೋರುವುದುಂಟೆ? ಗ್ರೆಗ್ ಅವರು ಪೊರೆಯನ್ನೇ ಪರೀಕ್ಷಿಸಿದರು. ಮಸೂರದ ಹೊರಪದರಗಳನ್ನು ಬಿಟ್ಟು ಒಳಗೆಲ್ಲ ಮಬ್ಬು ತುಂಬಿತ್ತು. ಎಂದರೆ ಮಸೂರ ಮೂಡುವಾಗಲೇ ಪೆಟ್ಟು ಬಿದ್ದಿರಬೇಕು!

ತಾಯಂದಿರನ್ನು ವಿಚಾರಿಸಿದರು, ಇತರ ವೈದ್ಯರಿಂದಲೂ ವಿವರ ತರಿಸಿದರು. 78 ಕೂಸುಗಳ ಪೈಕಿ 68ರ ತಾಯಂದಿರಿಗೆ ಬಸಿರಿನಲ್ಲಿ, ಬಹುಮಟ್ಟಿಗೆ ಮೊದಲ ತಿಂಗಳುಗಳಲ್ಲಿ, ರುಬೆಲ್ಲಾ ಎಂಬ ಜರ್ಮನ್ ದಡಾರ ಬಂದುಹೋಗಿತ್ತು. ನಾಲ್ಕು ದಿನದ ದದ್ದು, ಸ್ವಲ್ಪ ಜ್ವರ. ಯಾರೂ ಲೆಕ್ಕಕ್ಕಿಡದ ಕಾಯಿಲೆ. ಅದೇ ಅಕ್ಟೋಬರಿನಲ್ಲಿ ಗ್ರೆಗ್ ಅವರು ಮೆಲ್ಬೋರ್ನಿನಲ್ಲಿ ಪ್ರಬಂಧ ಓದಿದರು. ಎಲ್ಲರೂ ಒಡನೆಯೇ ಒಪ್ಪಲಿಲ್ಲ. 1944ರಲ್ಲಿ ಕೂಡ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಈ ವಾದ ಇನ್ನೂ ಸಿದ್ಧವಾಗಿಲ್ಲವೆಂದಿತು.

ವೈರಸ್ಸು ಕೈಗೆ ಸಿಕ್ಕಿದ್ದು 1962ರಲ್ಲಿ. ಅಮೆರಿಕದಲ್ಲಿ ಲಸಿಕೆಗೆ ಪರವಾನಗಿ ದೊರೆತದ್ದು 1969ರಲ್ಲಿ. ನಮ್ಮ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಆಂದೋಲನ 2017ರ ಫೆಬ್ರವರಿಯಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳ ಕೂಸಿಗೆ ಹಾಕಿಸುವ ಆ ಚುಚ್ಚುಮದ್ದು ಆ ಮಗುವಿಗಷ್ಟೇ ಅಲ್ಲ, ಮುಂದೆ ಹುಟ್ಟಲಿರುವ ಕೂಸುಗಳ ಕಣ್ಣಿಗೂ ಕಾವಲು.