ಸಾಗುವಾನಿ ವೆನೀರ್: ಕೊಳ್ಳುವ ಮುನ್ನ ತಿಳಿದಿರಬೇಕಾದ್ದು

ದಾಂಡೇಲಿ, ಹಳಿಯಾಳ, ಯಲ್ಲಾಪುರದ ಕಡೆಯಿಂದ ಗೋವಾಕ್ಕೆ ಬಂದು ನೆಲೆಸಿದ ನಮ್ಮ ಸದಸ್ಯರಿಗೆ ಸಾಗುವಾನಿ ಹೊಸದಲ್ಲ. ಅರಣ್ಯ ಇಲಾಖೆಯ ಡಿಪೋದಲ್ಲಿ ಹರಾಜಿಗೆ ಬಿದ್ದಿರುವ ದಿಮ್ಮಿಗಳನ್ನು ನೋಡುತ್ತಲೇ ಬೆಳೆದವರು ಅವರು. ಆದರೆ ಅಂಗಡಿಯಲ್ಲಿ ‘ಟೀಕ್ ಕಪಾಟು’ ಎಂದು ತೋರಿಸುವುದೆಲ್ಲ ಗಟ್ಟಿ ಮರವಲ್ಲ. ಪ್ಲೈವುಡ್ ಹಲಗೆಯ ಮೇಲೆ ಸಾಗುವಾನಿಯ ತೆಳು ಪದರ ಅಂಟಿಸಿದ್ದೂ ಇರುತ್ತದೆ. ಅದೇ ವೆನೀರ್. ಇದರಲ್ಲಿ ಮೋಸವೇನಿಲ್ಲ, ಗಟ್ಟಿ ಮರದ ದರ ಹಾಕಿದರೆ ಮಾತ್ರ ಮೋಸ.

ವೆನೀರಿನ ಪದರ ಸುಮಾರು ಅರ್ಧ ಮಿ.ಮೀ. ದಪ್ಪ. ತೆಳು ಪ್ಲೈಗೆ ಅಂಟಿಸಿ ಮಾರುವ ಹಾಳೆ ಸಾಮಾನ್ಯವಾಗಿ 3.5ರಿಂದ 4 ಮಿ.ಮೀ. ಇರುತ್ತದೆ, ಅಳತೆ 8 ಅಡಿ x 4 ಅಡಿ. ಸಾಗುವಾನಿಗೆ ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ, ನೀರಿಗೂ ಅದು ಜಗ್ಗುವುದಿಲ್ಲ ಎನ್ನುವ ಮಾತು ಬಲಿತ ತಿರುಳಿನ ಗಟ್ಟಿ ಮರಕ್ಕೆ ಸಲ್ಲುತ್ತದೆ. ಅರ್ಧ ಮಿ.ಮೀ. ಪದರ ಒಳಗಿನ ಹಲಗೆಯನ್ನು ಕಾಯಲಾರದು. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಮೇಲೆ ಕಡಲ ಗಾಳಿ. ಇಲ್ಲಿ ಕಪಾಟಿನ ಆಯುಷ್ಯವನ್ನು ನಿರ್ಧರಿಸುವುದು ಕಣ್ಣಿಗೆ ಕಾಣದ ಪ್ಲೈ.

ಆದ್ದರಿಂದ ಮೊದಲು ಪ್ಲೈ ವಿಚಾರಿಸಿ, ಆಮೇಲೆ ವೆನೀರ್. ‘ಎಂಆರ್’ ದರ್ಜೆಯದ್ದು ಒಣ ಕೋಣೆಗೆ ಸಾಕು, ಚಿರೆಕಲ್ಲಿನ ಹೊರಗೋಡೆಗೆ ಒರಗಿಸುವ ಕಪಾಟಿಗೆ ಬೇಡ. ‘ಬಿಡಬ್ಲ್ಯುಆರ್’ ಅಥವಾ ಐ.ಎಸ್. 710 ಗುರುತಿನ ‘ಬಿಡಬ್ಲ್ಯುಪಿ’ ತೆಗೆದುಕೊಳ್ಳಿ. ಈ ಎರಡನೆಯದನ್ನು 72 ಗಂಟೆ ನೀರಲ್ಲಿ ಕುದಿಸಿ ಪರೀಕ್ಷಿಸುತ್ತಾರೆ. ಅನುಮಾನವಿದ್ದರೆ ಸಣ್ಣ ತುಂಡೊಂದನ್ನು ಮನೆಯಲ್ಲೇ ಎರಡು ಮೂರು ಗಂಟೆ ಕುದಿಸಿ ನೋಡಿ. ತೀರ ಕಳಪೆ ಮಾಲು ಪದರ ಬಿಡುತ್ತದೆ. ದರ್ಜೆ, ದಪ್ಪ, ‘ವೆನೀರ್’ ಎಂಬ ಪದ ಮೂರೂ ಬಿಲ್ಲಿನಲ್ಲಿ ಇರಲಿ. ಬಾಯಿಮಾತು ದೂರು ಕೊಡುವಾಗ ಉಪಯೋಗಕ್ಕೆ ಬರುವುದಿಲ್ಲ.

ವೆನೀರಿನಲ್ಲೂ ಎರಡು ಬಗೆ. ನಿಜವಾದ ಸಾಗುವಾನಿಯಿಂದ ಸೀಳಿದ ಪದರಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ‘ರೀಕಾನ್’ ಎನ್ನುವುದು ಬೇಗ ಬೆಳೆಯುವ ಬೇರೆ ಮರದ ಪದರಗಳಿಗೆ ಬಣ್ಣ ಕೊಟ್ಟು, ಒತ್ತಿ, ಮತ್ತೆ ಸೀಳಿದ್ದು. ಹಾಳೆಯಿಂದ ಹಾಳೆಗೆ ಗೆರೆಗಳು ಅಚ್ಚು ಹೊಡೆದಂತೆ ಒಂದೇ ರೀತಿ ಇದ್ದರೆ ಅದು ರೀಕಾನ್ ಎಂದು ತಿಳಿಯಿರಿ. ಅದೂ ಕೆಟ್ಟದ್ದಲ್ಲ, ಆದರೆ ಅದಕ್ಕೆ ಅದರ ಬೆಲೆಯನ್ನೇ ಕೊಡಿ.

ಲೆಕ್ಕದ ವಿಷಯ. 6 ಅಡಿ ಅಗಲ, 7 ಅಡಿ ಎತ್ತರದ ಕಪಾಟಿಗೆ ಒಂದೂವರೆ ಅಡಿಯ ನಾಲ್ಕು ಬಾಗಿಲು ಎಂದುಕೊಳ್ಳಿ. 42 ಚದರ ಅಡಿಗೆ 32 ಚದರ ಅಡಿಯ ಹಾಳೆ ಒಂದೂ ಕಾಲು ಚಿಲ್ಲರೆ ಸಾಕು ಎಂದು ಅನಿಸುತ್ತದೆ. ಎಳೆ ನೇರವಾಗಿ ನಿಲ್ಲಬೇಕಾದ್ದರಿಂದ ಒಂದು ಹಾಳೆಯಲ್ಲಿ ಎರಡೇ ಬಾಗಿಲು ಸಿಗುವುದು, ಉಳಿದ ಒಂದಡಿ ಪಟ್ಟಿ ಡ್ರಾಯರಿಗೆ ಹೋಗುತ್ತದೆ. ಎರಡೂ ಹಾಳೆ ಒಂದೇ ಕಟ್ಟಿನಿಂದ, ಒಂದರ ಹಿಂದೊಂದು ಬಂದವಾಗಿರಲಿ. ತಿಂಗಳು ಬಿಟ್ಟು ತಂದದ್ದು ಬಣ್ಣಕ್ಕೆ ಹೊಂದುವುದಿಲ್ಲ.

ಬಾಗಿಲಿನ ಒಂದೇ ಮುಖಕ್ಕೆ ಅಂಟಿಸಿದರೆ ಮಳೆಗಾಲದಲ್ಲಿ ಅದು ಬಿಲ್ಲಿನಂತೆ ಬಾಗುತ್ತದೆ. ಒಳಮುಖಕ್ಕೂ ಕಡಿಮೆ ಬೆಲೆಯ ವೆನೀರ್ ಅಥವಾ ಲ್ಯಾಮಿನೇಟ್ ಬೇಕು. ಸಾಗುವಾನಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ ಪಾಲಿಶಿಗೆ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು. ಉಜ್ಜುವ ಕಾಗದ 180, 220, 320 ಹೀಗೆ, ಕೈಯಲ್ಲೇ, ಎಳೆಯ ಗುಂಟ. ಯಂತ್ರ ಹಿಡಿದರೆ ಅರ್ಧ ಮಿ.ಮೀ. ಅಂಚಿನಲ್ಲಿ ಕ್ಷಣದಲ್ಲಿ ಸವೆದು ಕೆಳಗಿನ ಪ್ಲೈ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಅಂಚಿಗೆ ಗಟ್ಟಿ ಸಾಗುವಾನಿಯ ಪಟ್ಟಿಯನ್ನೇ ಬಡಿಸಿ. ಇಲ್ಲಿ ಉಳಿತಾಯ ಮಾಡಬೇಡಿ, ನೀರು ಒಳಗೆ ಹೋಗುವುದೇ ಅಂಚಿನಿಂದ.

ಅಡುಗೆಮನೆಯ ಸಿಂಕಿನ ಕೆಳಗೆ ವೆನೀರ್ ಬೇಡವೇ ಬೇಡ, ಲ್ಯಾಮಿನೇಟ್ ಸಾಕು.

ಪಾಲಿಶ್ ಕೆಲಸವನ್ನು ನವೆಂಬರಿನಿಂದ ಮೇ ಒಳಗೆ ಮುಗಿಸಿ. ಜೂನ್-ಜುಲೈ ತೇವದಲ್ಲಿ ಹಚ್ಚಿದ ಪಾಲಿಶ್ ಮಂಜು ಕವಿದಂತೆ ಬಿಳಿಚಿಕೊಳ್ಳಬಹುದು. ಕಪಾಟಿನ ಹಿಂಬದಿಗೂ ಅಡಿಗೂ ಒಂದು ಕೋಟ್ ಇರಲಿ, ಗೋಡೆಯಿಂದ ಒಂದಿಂಚು ಬಿಟ್ಟು ನಿಲ್ಲಿಸಿ. ಹೊಸ ಸಾಗುವಾನಿಯ ಬಣ್ಣ ಬೆಳಕಿಗೆ ಬದಲಾಗುವುದರಿಂದ ಮೊದಲ ಕೆಲವು ತಿಂಗಳು ಮೇಜಿನ ಮೇಲೆ ಟಿ.ವಿ., ಹೂದಾನಿಗಳನ್ನು ಒಂದೇ ಜಾಗದಲ್ಲಿ ಇಡಬೇಡಿ. ತೆಗೆದಾಗ ಅವುಗಳ ಗುರುತು ಹಾಗೇ ಉಳಿದಿರುತ್ತದೆ.