ಹೊಗೆಕೊಳವೆಯಲ್ಲೊಂದು ತಕ್ಕಡಿ

ಮನೆಯಲ್ಲಿ ಹಳೇ ಸ್ಕೂಟರ್ ಇದ್ದವರಿಗೆಲ್ಲ ಇದು ಗೊತ್ತಿರುತ್ತೆ. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಮೂತಿಯ ಬಣ್ಣ ನೋಡಿ ಇಂಜಿನ್ನಿನ ಜಾತಕ ಹೇಳಿಬಿಡುತ್ತಾರೆ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಕಂದು ಬಣ್ಣವಿದ್ದರೆ ಎಲ್ಲ ಸರಿ. ಅಮೆರಿಕದ ರೇಸ್ ಟ್ರ್ಯಾಕ್‌ಗಳಲ್ಲೂ ದಶಕಗಳ ಕಾಲ ನಡೆದದ್ದು ಇದೇ ವಿದ್ಯೆ. ತೊಂದರೆ ಏನಂದ್ರೆ, ಪ್ಲಗ್ ಹೇಳೋದು ಆಗಿಹೋದ ಕಥೆ. ಇಂಜಿನ್ ಓಡುತ್ತಿರುವಾಗ ಒಳಗೆ ಏನು ನಡೀತಿದೆ ಅಂತ ಅದು ಹೇಳೋದಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರ್. ದಿನದ ಅರ್ಧ ಹೊತ್ತು ಲಾಗ್ ಫೈಲ್ ಓದುವುದರಲ್ಲೇ ಕಳೆಯುತ್ತೆ. ಹಾಗಾಗಿ ಓಡುವ ಇಂಜಿನ್ನಿನ ಲಾಗ್ ಬರೆಯೋ ಅಭ್ಯಾಸ ಯಾವಾಗ ಶುರುವಾಯ್ತು ಅನ್ನೋ ಕುತೂಹಲ ಹುಟ್ಟಿತು. ಹುಡುಕುತ್ತಾ ಹೋದರೆ ಕಥೆಯ ಬೇರು ಸಿಕ್ಕಿದ್ದು ಗ್ಯಾರೇಜಿನಲ್ಲಲ್ಲ, ಒಂದು ಊರಿನ ಕೆಟ್ಟ ಗಾಳಿಯಲ್ಲಿ!

ಆ ಊರು ಲಾಸ್ ಏಂಜಲೀಸ್. 1943ರ ಬೇಸಿಗೆಯಲ್ಲಿ ಅಲ್ಲಿ ಕಣ್ಣು ಉರಿಸುವ ಮಬ್ಬು ಕವಿಯಿತು. ಆಮೇಲೆ ಅದು ವರ್ಷ ವರ್ಷವೂ ಬರತೊಡಗಿತು. ಕಾರಣ ಹುಡುಕಿದವರು ಕ್ಯಾಲ್ಟೆಕ್‌ನ ಆರೀ ಹಾಗನ್-ಸ್ಮಿತ್. ಇವರು ಮೂಲತಃ ಅನಾನಸ್ ಹಣ್ಣಿನ ರುಚಿ ಎಲ್ಲಿಂದ ಬರುತ್ತೆ ಅಂತ ಸಂಶೋಧನೆ ಮಾಡುತ್ತಿದ್ದ ರಸಾಯನ ವಿಜ್ಞಾನಿ. ಕಾರುಗಳಿಂದ ಬರುವ ಅರೆಬೆಂದ ಪೆಟ್ರೋಲ್ ಮತ್ತು ನೈಟ್ರೋಜನ್ ಆಕ್ಸೈಡುಗಳ ಮೇಲೆ ಬಿಸಿಲು ಬಿದ್ದಾಗ ಓಝೋನ್ ಹುಟ್ಟುತ್ತೆ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿದರು. ಕಾರು ಕಂಪನಿಗಳು ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ 1970ರಲ್ಲಿ ಅಮೆರಿಕದ ಶುದ್ಧ ಗಾಳಿ ಕಾಯಿದೆ ಬಂತು. ಹೊಗೆಯಲ್ಲಿನ ವಿಷವನ್ನು ಕೆಲವೇ ವರ್ಷಗಳಲ್ಲಿ ಶೇಕಡಾ 90ರಷ್ಟು ಇಳಿಸಬೇಕು ಅಂತ ಅದು ಪಟ್ಟು ಹಿಡಿಯಿತು.

ಇಲ್ಲೊಂದು ಪೇಚಿದೆ ನೋಡಿ. ಹೊಗೆಯಲ್ಲಿ ಮುಖ್ಯವಾಗಿ ಮೂರು ವಿಷಗಳು. ಕಾರ್ಬನ್ ಮೊನಾಕ್ಸೈಡ್ ಮತ್ತು ಅರೆಬೆಂದ ಪೆಟ್ರೋಲನ್ನು ಶುದ್ಧ ಮಾಡಲು ಆಕ್ಸಿಜನ್ ಕೊಡಬೇಕು. ನೈಟ್ರೋಜನ್ ಆಕ್ಸೈಡನ್ನು ಶುದ್ಧ ಮಾಡಲು ಅದರಿಂದ ಆಕ್ಸಿಜನ್ ಕಿತ್ತುಕೊಳ್ಳಬೇಕು. ಒಂದೇ ಡಬ್ಬಿಯಲ್ಲಿ ಎರಡೂ ಕೆಲಸ ಆಗಬೇಕಾದರೆ ಗಾಳಿ-ಪೆಟ್ರೋಲ್ ಮಿಶ್ರಣ ಕರಾರುವಾಕ್ಕಾಗಿರಬೇಕು: ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ. ಇಂಜಿನಿಯರುಗಳ ಭಾಷೆಯಲ್ಲಿ ಇದು ಲ್ಯಾಮ್ಡಾ 1. ಮಾಮೂಲಿ ಕಾರ್ಬ್ಯುರೇಟರಿಗೆ ಇಷ್ಟು ನಾಜೂಕು ಎಲ್ಲಿಂದ ಬರಬೇಕು? ಹೊಗೆಯ ರುಚಿಯನ್ನು ಕ್ಷಣಕ್ಷಣಕ್ಕೂ ನೋಡಿ ಹೇಳುವ ಒಂದು ನಾಲಿಗೆ ಬೇಕಿತ್ತು.

ಆ ನಾಲಿಗೆಯ ಸಾಮಗ್ರಿ ಹಳೇ ದೀಪವೊಂದರಲ್ಲಿತ್ತು. ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ 1890ರ ದಶಕದ ಕೊನೆಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನಿಂದ ವಿದ್ಯುತ್ ದೀಪ ಮಾಡಿದ್ದರು. ತಣ್ಣಗಿದ್ದಾಗ ಅದರಲ್ಲಿ ವಿದ್ಯುತ್ ಹರಿಯಲ್ಲ, ಕಾಯಿಸಿದರೆ ಹರಿಯುತ್ತೆ. ಹರಿಯೋದು ಎಲೆಕ್ಟ್ರಾನುಗಳಲ್ಲ, ಆಕ್ಸಿಜನ್ ಅಯಾನುಗಳು. ಅಂದಮೇಲೆ ಇಂಥ ಜಿರ್ಕೋನಿಯಾದ ಒಂದು ಪಕ್ಕ ಹೊರಗಿನ ಗಾಳಿ, ಇನ್ನೊಂದು ಪಕ್ಕ ಹೊಗೆ ಇಟ್ಟರೆ, ಎರಡೂ ಕಡೆಯ ಆಕ್ಸಿಜನ್ ವ್ಯತ್ಯಾಸ ವೋಲ್ಟೇಜ್ ಆಗಿ ಕಾಣುತ್ತೆ. ಎಷ್ಟು ವ್ಯತ್ಯಾಸಕ್ಕೆ ಎಷ್ಟು ವೋಲ್ಟೇಜ್ ಅನ್ನೋ ಸಮೀಕರಣವೂ ನೆರ್ನ್ಸ್ಟ್ ಅವರದ್ದೇ, 1889ರದ್ದು. ನಮ್ಮಲ್ಲಿ ಅನೇಕರು ಇದನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದೀವಿ :)

ಬಾಷ್ ಕಂಪನಿ ಇದನ್ನು ಸ್ಪಾರ್ಕ್ ಪ್ಲಗ್ ಆಕಾರದಲ್ಲಿ ತಯಾರಿಸಿತು. 1976ರಲ್ಲಿ ವೋಲ್ವೋ ತನ್ನ ಕ್ಯಾಲಿಫೋರ್ನಿಯಾದ ಕಾರುಗಳಿಗೆ ಹಾಕಿತು. ಮುಂದಿನ ಜಾಲರಿಯ ಮೇಲೆ 'ಲ್ಯಾಮ್ಡಾ ಸೋಂಡ್' ಅಂತ ಬಿಲ್ಲೆ ಅಂಟಿಸಿಕೊಂಡು ಮೆರೆಯಿತು ಕೂಡಾ. ಅಂದ ಹಾಗೆ, ನಮ್ಮ ಆಡುಗೋಡಿಯ ಮೈಕೋ ಇದೇ ಬಾಷ್‌ನ ಕೂಸು. 1951ರಲ್ಲಿ ಶುರುವಾಗಿ, 2008ರಲ್ಲಿ ಹೆಸರನ್ನೂ ಬಾಷ್ ಅಂತಲೇ ಬದಲಾಯಿಸಿಕೊಂಡಿತು. ಮೈಕೋ ಲೇಔಟಿನ ಹೆಸರಲ್ಲಿ ಮಾತ್ರ ಹಳೇ ನೆನಪು ಉಳಿದಿದೆ.

ಈ ಸೆನ್ಸರಿನ ಗುಣ ಅರ್ಥ ಮಾಡಿಕೊಳ್ಳಲು ತರಕಾರಿ ಅಂಗಡಿಯ ತಕ್ಕಡಿ ನೆನೆಸಿಕೊಳ್ಳಿ. ಮುಳ್ಳು ಎಡಕ್ಕೆ ವಾಲಿದರೆ ಆ ಕಡೆ ಭಾರ, ಬಲಕ್ಕೆ ವಾಲಿದರೆ ಈ ಕಡೆ ಭಾರ. ಎಷ್ಟು ಭಾರ? ಮುಳ್ಳು ಹೇಳಲ್ಲ. ಈ ಸೆನ್ಸರೂ ಹಾಗೇ. ಪೆಟ್ರೋಲ್ ಜಾಸ್ತಿಯಾದರೆ ಸುಮಾರು 0.9 ವೋಲ್ಟ್, ಗಾಳಿ ಜಾಸ್ತಿಯಾದರೆ ಸುಮಾರು 0.1 ವೋಲ್ಟ್, ನಡುವೆ ಒಂದೇ ಜಿಗಿತ. ಪ್ರೋಗ್ರಾಮರುಗಳ ಮಾತಲ್ಲಿ ಹೇಳೋದಾದರೆ ಅದು ಬೂಲಿಯನ್, ದಶಮಾಂಶ ಸಂಖ್ಯೆಯಲ್ಲ. ಕ್ಯಾಟಲಿಟಿಕ್ ಕನ್ವರ್ಟರಿಗೆ ಅಷ್ಟೇ ಸಾಕಿತ್ತು. ಕಂಪ್ಯೂಟರ್ ಒಮ್ಮೆ ಪೆಟ್ರೋಲ್ ಹೆಚ್ಚಿಸಿ, ಒಮ್ಮೆ ಇಳಿಸಿ, ಮುಳ್ಳನ್ನು ನಡುವೆಯೇ ತೂಗಾಡಿಸುತ್ತಿತ್ತು.

ಈಗ ಟರ್ಬೋ ಕಥೆಗೆ ಬರೋಣ. ಹೊರಗೆ ಹೋಗುವ ಹೊಗೆಯ ಬಲದಿಂದಲೇ ಒಂದು ಚಕ್ರ ತಿರುಗಿಸಿ, ಅದರಿಂದ ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಉಪಾಯ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಕಿ ಅವರದ್ದು, ಪೇಟೆಂಟ್ 1905ರದ್ದು. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ಶಕ್ತಿ. ಆದರೆ ಒತ್ತಡ ಏರಿದಂತೆ ಬಿಸಿಯೂ ಏರುತ್ತೆ. ಆಗ ಮಿಶ್ರಣ ಅಲ್ಲಲ್ಲೇ ತಾನಾಗಿ ಸಿಡಿಯುತ್ತೆ. ಇದೇ ನಾಕಿಂಗ್. ಜೋರಾದರೆ ಪಿಸ್ಟನ್ ಒಡೆಯುತ್ತೆ, ಇಲ್ಲಾ ಕರಗುತ್ತೆ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ಇದನ್ನು ತಡೆಯಲು ನೀರು-ಮೆಥನಾಲ್ ಮಿಶ್ರಣದ ಪ್ರತ್ಯೇಕ ಟ್ಯಾಂಕೇ ಇತ್ತು. ಆಮೇಲಿನ ಕಾರುಗಳ ಉಪಾಯ ಇನ್ನೂ ಸರಳ: ಪೂರ್ತಿ ಆಕ್ಸಿಲರೇಟರ್ ತುಳಿದಾಗ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಚಿಮ್ಮಿಸು. ಅದು ಆವಿಯಾಗುತ್ತಾ ತಂಪು ಮಾಡುತ್ತೆ. ಆಗ 14.7 ಅಲ್ಲ, 12ರ ಆಸುಪಾಸು ಬೇಕು.

ಅಂದರೆ ಟರ್ಬೋ ಕಾರಿನ ಅತೀ ಅಪಾಯದ ಗಳಿಗೆಯಲ್ಲಿ ಬೇಕಾದ ಉತ್ತರ ಬೂಲಿಯನ್ ಅಲ್ಲ, ಸಂಖ್ಯೆ. ಕಂಪನಿಯವರಿಗೆ ಇದು ಗೊತ್ತಿತ್ತು. ಆ ಕಾಲದ ಕಾರುಗಳ ಕಂಪ್ಯೂಟರ್ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಸೆನ್ಸರಿನ ಮಾತನ್ನೇ ಕೇಳುತ್ತಿರಲಿಲ್ಲ. ಮೊದಲೇ ಬರೆದಿಟ್ಟ ಕೋಷ್ಟಕ ನೋಡಿ ಪೆಟ್ರೋಲ್ ಕೊಡುತ್ತಿತ್ತು.

1990ರ ಮಾದರಿಯಲ್ಲಿ ಅಮೆರಿಕದಲ್ಲಿ ಮಿತ್ಸುಬಿಷಿ ಎಕ್ಲಿಪ್ಸ್‌ನಂಥ ಟರ್ಬೋ ಕಾರುಗಳು ಬಂದವು. ಹುಡುಗರ ಕೈಗೆಟುಕುವ ಬೆಲೆ. ಮೀನಿನ ತೊಟ್ಟಿಯ ಗಾಳಿ ವಾಲ್ವ್ ಒಂದನ್ನು ಕೊಂಡು ಕೊಳವೆಗೆ ಸಿಕ್ಕಿಸಿದರೆ ಟರ್ಬೋ ಒತ್ತಡ ಏರಿಸಬಹುದಿತ್ತು! ಏರಿಸಿದ ಮೇಲೆ ಪೆಟ್ರೋಲ್ ಸಾಲುತ್ತಿದೆಯೋ ಇಲ್ಲವೋ ನೋಡೋದು ಹೇಗೆ? ಅದೇ ಹಳೇ ಸೆನ್ಸರಿನ ತಂತಿಗೆ ಪುಟ್ಟ ಬಣ್ಣದ ದೀಪಗಳ ಮೀಟರ್ ಸಿಕ್ಕಿಸಿದರು. ಹಸಿರು ಕಂಡರೆ ನೆಮ್ಮದಿ. ಆದರೆ 11 ಇದ್ದರೂ 13 ಇದ್ದರೂ ವೋಲ್ಟೇಜಿನಲ್ಲಿ ಇದ್ದ ವ್ಯತ್ಯಾಸ ತೀರಾ ಅಲ್ಪ. ಸೆನ್ಸರ್ ಸ್ವಲ್ಪ ಜಾಸ್ತಿ ಕಾದರೂ ಅಷ್ಟೇ ವ್ಯತ್ಯಾಸ ಬಂದುಬಿಡುತ್ತಿತ್ತು. ಕಂಪನಿಯ ಕಂಪ್ಯೂಟರೇ ಕಿವಿ ಮುಚ್ಚಿಕೊಂಡ ಜಾಗದಲ್ಲಿ ಇವರು ಕಿವಿಗೊಟ್ಟು ಕೂತಿದ್ದರು. ಕೆಲವರು ಹೊಗೆಯ ಉಷ್ಣತೆ ಅಳೆಯುವ ಮೀಟರನ್ನೂ ಹಾಕಿಕೊಂಡರು. ಅದರ ಮಾತೂ ಪೂರ್ತಿ ಅಲ್ಲ, ಕಿಡಿ ತಡವಾಗಿ ಹೊತ್ತಿದರೂ ಹೊಗೆ ಬಿಸಿಯಾಗುತ್ತೆ.

ಬಿಡುಗಡೆ ಬಂದದ್ದು ಮತ್ತೆ ಉಳಿತಾಯದ ದಾರಿಯಿಂದಲೇ. 1992ರ ಹೋಂಡಾ ಸಿವಿಕ್ ವಿಎಕ್ಸ್ ಕಡಿಮೆ ಪೆಟ್ರೋಲ್, ಹೆಚ್ಚು ಗಾಳಿಯಲ್ಲಿ ಓಡುವ ಕಾರು. ಮೈಲೇಜ್ ಅದರ ಜಂಬ. ಅದಕ್ಕೆ 14.7ರಿಂದ ಎಷ್ಟು ದೂರ ಇದ್ದೀವಿ ಅಂತ ಹೇಳುವ ಸೆನ್ಸರ್ ಬೇಕಿತ್ತು. ಅದೇ ವೈಡ್‌ಬ್ಯಾಂಡ್. ಇದರಲ್ಲಿ ಎರಡು ಭಾಗ. ಒಂದು ಹಳೇ ತಕ್ಕಡಿ. ಇನ್ನೊಂದು, ಪುಟ್ಟ ಕೋಣೆಯೊಳಗೆ ಆಕ್ಸಿಜನ್ ಅಯಾನುಗಳನ್ನು ತುಂಬುವ ಅಥವಾ ತೆಗೆಯುವ ಪಂಪು. ಮುಳ್ಳು ನಡುವೆ ನಿಲ್ಲುವವರೆಗೆ ಪಂಪು ಕೆಲಸ ಮಾಡುತ್ತೆ. ಅದಕ್ಕೆ ಬೇಕಾದ ವಿದ್ಯುತ್ ಎಷ್ಟು, ಯಾವ ದಿಕ್ಕಿಗೆ ಅನ್ನೋದೇ ಉತ್ತರ. ಅಂದರೆ ಅಂಗಡಿಯವನು ಕೊನೆಗೂ ತೂಕದ ಕಲ್ಲು ಇಟ್ಟು ಎಣಿಸಿದ!

ಬಾಷ್ ಇಂಥ ಸೆನ್ಸರುಗಳನ್ನು ಮಾಮೂಲಿ ಕಾರುಗಳಿಗಾಗಿ ರಾಶಿ ರಾಶಿ ತಯಾರಿಸತೊಡಗಿದ ಮೇಲೆ ಬೆಲೆ ಇಳಿಯಿತು. 2000ದ ಆಚೀಚೆ ಹವ್ಯಾಸಿಗಳು ಅದನ್ನು ನಡೆಸುವ ಸರ್ಕ್ಯೂಟನ್ನು ತಾವೇ ಬೆಸುಗೆ ಹಾಕಿ ಮಾಡಿದರು. 2001ರಲ್ಲಿ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೋ 'ಮೆಗಾಸ್ಕ್ವರ್ಟ್' ಎಂಬ ಇಂಜಿನ್ ಕಂಪ್ಯೂಟರನ್ನು ಬಿಡಿಭಾಗಗಳ ಕಿಟ್ ಆಗಿ ಕೊಟ್ಟರು. 8 ಬಿಟ್‌ನ ಮೊಟೊರೊಲಾ ಚಿಪ್ಪು, ಅಸೆಂಬ್ಲಿಯಲ್ಲಿ ಬರೆದ ಕೋಡು, 8 ಸಾಲು 8 ಕಂಬದ ಕೋಷ್ಟಕ. ಕೋಡನ್ನು ಯಾರು ಬೇಕಾದರೂ ಓದಬಹುದಿತ್ತು. ಲ್ಯಾಪ್‌ಟಾಪ್ ಜೋಡಿಸಿ, ರಸ್ತೆಯಲ್ಲಿ ಓಡಿಸಿ, ಲಾಗ್ ತಂದು, ಬೇಕಾದ ಮಿಶ್ರಣಕ್ಕೂ ಬಂದ ಮಿಶ್ರಣಕ್ಕೂ ಇರುವ ವ್ಯತ್ಯಾಸ ನೋಡಿ ಕೋಷ್ಟಕ ತಿದ್ದೋದು. ನಮ್ಮ ಡಿಬಗ್ಗಿಂಗ್ ಥರಾನೇ ಅಲ್ವಾ? ಅಲ್ಲಿಯವರೆಗೆ ರೇಸ್ ತಂಡಗಳ ಹತ್ತಿರ ಮಾತ್ರ ಇದ್ದ ಕಣ್ಣು ಮನೆಯ ಶೆಡ್ಡಿಗೆ ಬಂತು.

ನನ್ನನ್ನು ಕಾಡುವುದು ಇದರ ಮುಂದಿನ ಮಾತು. ಹೀಗೆ ಶಕ್ತಿ ಹೆಚ್ಚಿಸುವವರಲ್ಲಿ ಅನೇಕರು ಹೊಗೆ ಸಲೀಸಾಗಿ ಹೋಗಲಿ ಅಂತ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತು ಎಸೆದರು. ಯಾವ ಡಬ್ಬಿಯನ್ನು ಕಾಯಲೆಂದು ಈ ಸೆನ್ಸರ್ ಹುಟ್ಟಿತೋ, ಆ ಡಬ್ಬಿಯನ್ನೇ! ಅಮೆರಿಕದ ಕಾನೂನಿನಲ್ಲಿ ಇದು ಅಪರಾಧ. ನಾನು ಮನೆಯಲ್ಲೇ ಇಂಜಿನ್ ತಿದ್ದುವವರ ವಿರೋಧಿಯಲ್ಲ. ಕೋಡ್ ಓದಲು, ಅಳೆಯಲು, ಅರ್ಥ ಮಾಡಿಕೊಳ್ಳಲು ಅವರು ಪಟ್ಟ ಶ್ರಮ ದೊಡ್ಡದು. ಆದರೆ ಪಿಸ್ಟನ್ ಕರಗಿದರೆ ನಷ್ಟ ಕಾರಿನ ಯಜಮಾನನಿಗೆ, ಡಬ್ಬಿ ಕಿತ್ತರೆ ನಷ್ಟ ಹಿಂದೆ ಉಸಿರಾಡುವವನಿಗೆ. ಮೊದಲನೆಯದನ್ನು ತಪ್ಪಿಸಲು ಅಷ್ಟೆಲ್ಲ ಲಾಗ್ ಬರೆದವರು ಎರಡನೆಯದಕ್ಕೆ ಒಂದು ಕಾಲಂ ಕೂಡ ಇಡಲಿಲ್ಲ.

ಇದು ಈಗ ದೂರದ ದೇಶದ ಕಥೆಯಾಗಿ ಉಳಿದಿಲ್ಲ. ಸೀಸ ಈ ಸೆನ್ಸರನ್ನೂ ಕನ್ವರ್ಟರನ್ನೂ ಕೊಲ್ಲುತ್ತೆ. ನಮ್ಮಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಹೊಸ ಬೈಕು, ಸ್ಕೂಟರುಗಳಲ್ಲೂ ಬಹುತೇಕ ಎಲ್ಲದರಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ, ಈ ಪುಟ್ಟ ಸೆನ್ಸರೂ ಇದೆ. ಸೈಲೆನ್ಸರ್ ಕೊಳವೆಯಿಂದ ಒಂದು ವೈರು ಹೊರಬಂದಿರುತ್ತಲ್ಲ, ಅದೇ. 'ಸೌಂಡ್ ಚೆನ್ನಾಗಿ ಬರುತ್ತೆ, ಸೈಲೆನ್ಸರ್ ಬದಲಾಯಿಸು' ಅನ್ನೋ ಗೆಳೆಯರು ನಿಮಗೂ ಇರಬಹುದು. ಅವರಿಗೆ ಲಾಸ್ ಏಂಜಲೀಸಿನ ಮಬ್ಬಿನಿಂದ ಶುರು ಮಾಡಿ ಈ ಕಥೆ ಹೇಳಿ ನೋಡಿ. ಏನಂದರು ಅಂತ ನನಗೂ ತಿಳಿಸಿ.