ಬ್ಲೆಡ್

ಸ್ಲೊವೇನಿಯಾ ದೇಶದ ವಾಯವ್ಯ ಭಾಗದಲ್ಲಿ, ಜೂಲಿಯನ್ ಆಲ್ಪ್ಸ್ ಪರ್ವತಗಳ ಪೂರ್ವದ ತಪ್ಪಲಿನಲ್ಲಿ, ಅದೇ ಹೆಸರಿನ ಸರೋವರದ ದಡದಲ್ಲಿರುವ ಸಣ್ಣ ಪಟ್ಟಣ. ಸಮುದ್ರಮಟ್ಟದಿಂದ 475 ಮೀ. ಎತ್ತರದಲ್ಲಿರುವ ಸರೋವರದ ಉದ್ದ 2,120 ಮೀ., ಅಗಲ 1,380 ಮೀ., ಪರಮಾವಧಿ ಆಳ ಸುಮಾರು 30 ಮೀ. ಭೂಚಲನೆಯಿಂದ ಕುಸಿದಿದ್ದ ತಗ್ಗನ್ನು ಬೋಹಿನ್ ಕಣಿವೆಯಿಂದ ಇಳಿದುಬಂದ ಹಿಮನದಿಯು ಕೊರೆದು ಆಳಗೊಳಿಸಿದುದರಿಂದ ಇದು ಉಂಟಾಯಿತು.

ಪ್ರೇಕ್ಷಣೀಯ ಸ್ಥಳಗಳು: ಉತ್ತರದ ದಡದಲ್ಲಿ ನೀರಿನಿಂದ ನೇರವಾಗಿ ಮೇಲೆದ್ದಂತಿರುವ ಕಡಿದಾದ ಬಂಡೆಯ ನೆತ್ತಿಯ ಮೇಲಿನ ಕೋಟೆ 1011ರ ದಾಖಲೆಯಲ್ಲಿ ಉಲ್ಲೇಖಿತವಾಗಿದೆ. ಜರ್ಮನಿಯ ದೊರೆ ಎರಡನೆಯ ಹೆನ್ರಿ 1004ರಲ್ಲಿ ಈ ಸೀಮೆಯನ್ನು ಬ್ರಿಕ್ಸೆನ್ನಿನ ಬಿಷಪ್ಪರಿಗೆ ದತ್ತಿಯಾಗಿ ಕೊಟ್ಟನು. ಅವರ ಒಡೆತನ ಹೆಚ್ಚುಕಡಮೆ ಎಂಟು ಶತಮಾನಗಳ ಕಾಲ ನಡೆಯಿತು. ಸರೋವರದ ದ್ವೀಪದ ಮೇಲೆ ಮೇರಿಮಾತೆಯ ಇಗರ್ಜಿಯಿದೆ. ಕ್ರೈಸ್ತಮತ ಬರುವ ಮುನ್ನ ಅಲ್ಲಿ ಝೀವಾ ಎಂಬ ಸ್ಲಾವ್ ದೇವತೆಯ ಗುಡಿಯಿತ್ತೆಂಬುದು ಐತಿಹ್ಯ. ದಡದಿಂದ ಇಗರ್ಜಿಗೆ ಏರುವ ಸೋಪಾನದಲ್ಲಿ 99 ಮೆಟ್ಟಿಲುಗಳಿದ್ದು, ಮದುವೆಯ ದಿನ ವರನು ವಧುವನ್ನು ಎತ್ತಿಕೊಂಡು ಅವನ್ನು ಹತ್ತುವ ವಾಡಿಕೆಯುಂಟು. ದ್ವೀಪಕ್ಕೆ ಯಾತ್ರಿಕರನ್ನು ಒಯ್ಯುವ ‘ಪ್ಲೆಟ್ನಾ’ ಚಪ್ಪಟೆ ತಳದ, ಮೇಲ್ಕಟ್ಟುಳ್ಳ ದೋಣಿ. ಅಂಬಿಗನು ಹಿಂಬದಿಯಲ್ಲಿ ನಿಂತು ಎರಡು ಹುಟ್ಟುಗಳಿಂದ ಅದನ್ನು ನಡೆಸುತ್ತಾನೆ.

ಯಾತ್ರಾಸ್ಥಳವಾಗಿದ್ದ ಊರನ್ನು ಆರೋಗ್ಯಧಾಮವಾಗಿ ಮಾರ್ಪಡಿಸಿದವನು ಸ್ವಿಟ್ಸರ್ಲೆಂಡಿನ ಆರ್ನಲ್ಡ್ ರಿಕ್ಲಿ. 1855ರಲ್ಲಿ ಚಿಕಿತ್ಸಾಲಯವನ್ನು ಸ್ಥಾಪಿಸಿದ ಈತನು ಸ್ನಾನ, ಬಿಸಿಲು, ತೆರೆದ ಗಾಳಿ, ಸಸ್ಯಾಹಾರ, ಬರಿಗಾಲಿನ ನಡಿಗೆ ಇವುಗಳನ್ನೇ ಔಷಧವೆಂದು ವಿಧಿಸಿ, ರೋಗಿಗಳನ್ನು ಸುತ್ತಲಿನ ಗುಡ್ಡಗಳಿಗೆ ಅಟ್ಟುತ್ತಿದ್ದನು. 1870ರಲ್ಲಿ ಸಮೀಪದ ಲೆಸ್ಸೆಗೆ ರೈಲು ಬಂದುದರಿಂದ ದೂರದವರಿಗೂ ದಾರಿಯಾಯಿತು.

ಪಟ್ಟಣದಿಂದ ಸುಮಾರು 4 ಕಿಮೀ. ದೂರದ ವಿಂಟ್ಗಾರ್ ಕಮರಿಯಲ್ಲಿ ರಾದೊವ್ನಾ ನದಿ 1.6 ಕಿಮೀ. ಉದ್ದಕ್ಕೆ ಬಂಡೆಗಳನ್ನು ಸೀಳಿಕೊಂಡು ಹರಿಯುತ್ತದೆ. 1893ರಲ್ಲಿ ಸಾರ್ವಜನಿಕರಿಗೆ ತೆರೆದ ಮರದ ಹಾದಿ ಬಂಡೆಯ ಗೋಡೆಗೆ ಅಂಟಿಕೊಂಡು, ಶೂಮ್ ಜಲಪಾತದವರೆಗೆ ಸಾಗುತ್ತದೆ.

ಸರೋವರದ ಪುನರುಜ್ಜೀವನ: ಕೋಟೆ, ದ್ವೀಪಗಳ ವರ್ಣನೆಯಲ್ಲಿ ಮುಳುಗಿದವರು ಸಾಮಾನ್ಯವಾಗಿ ಕಡೆಗಣಿಸುವ ಈ ವಿಷಯವೇ ಬ್ಲೆಡ್ಡಿನ ಚರಿತ್ರೆಯಲ್ಲಿ ಅತ್ಯಂತ ಮಹತ್ತ್ವದ್ದೆಂದು ಹೇಳಬೇಕು. ಸರೋವರಕ್ಕೆ ಬಂದು ಸೇರುವ ತೊರೆಗಳು ಸಣ್ಣವಾದುದರಿಂದ ಅದರ ನೀರು ಬಹು ನಿಧಾನವಾಗಿ ಬದಲಾಗುತ್ತದೆ. ಬೇಸಗೆಯಲ್ಲಿ ಬಿಸಿಲಿಗೆ ಕಾದು ಹಗುರವಾದ ನೀರು ಮೇಲೆಯೂ, ತಣ್ಣಗಿನ ಭಾರವಾದ ನೀರು ಕೆಳಗೂ ನಿಂತು, ಎರಡೂ ಪದರಗಳು ಒಂದರೊಡನೊಂದು ಬೆರೆಯದಿರಲು, ತಳಕ್ಕಿಳಿದ ಸತ್ತ ಪಾಚಿ ಕೊಳೆಯುವಾಗ ಅಲ್ಲಿನ ಆಮ್ಲಜನಕವೆಲ್ಲ ವ್ಯಯವಾಗುತ್ತದೆ; ಆಮ್ಲಜನಕವಿಲ್ಲದ ಕೆಸರಿನಿಂದ ರಂಜಕವು ಕರಗಿ ಹೊರಬಂದು ಮತ್ತೆ ಹೊಸ ಪಾಚಿಗೆ ಆಹಾರವಾಗುತ್ತದೆ. ದಡದ ವಸತಿಗಳ ಕೊಳಚೆಯೂ ಸೇರಿದಾಗ ಈ ಚಕ್ರವು ತೀವ್ರವಾಗಿ, ನೀರನ್ನು ಕೆಂಪಾಗಿಸುವ ಒಂದು ಸೂಕ್ಷ್ಮಜೀವಿ ಸರೋವರದಲ್ಲಿ ಹಬ್ಬಿತು. 1964ರಲ್ಲಿ ರಾದೊವ್ನಾ ನದಿಯ ಶೀತಲ ಜಲವನ್ನು ಕೊಳವೆಯ ಮೂಲಕ ತರಲಾಯಿತು. ಉಪಕಾರವೇನೋ ಆಯಿತು; ಆದರೆ ಯೆಜೆರ್ನಿತ್ಸಾ ತೊರೆಯಾಗಿ ಹೊರಹರಿಯುತ್ತಿದ್ದುದು ಮೇಲಿನ ಒಳ್ಳೆಯ ನೀರೇ ಆದುದರಿಂದ ತಳದ ಕಶ್ಮಲವು ಅಲ್ಲಿಯೇ ಉಳಿಯಿತು. 1980ರ ದಶಕದ ಆರಂಭದಲ್ಲಿ ನಿರ್ಮಿಸಿದ ಸೈಫನ್ ಈ ಕೊರತೆಯನ್ನು ನೀಗಿಸಿತು: ಆಳಕ್ಕೆ ಇಳಿಬಿಟ್ಟ ಕೊಳವೆಗಳು ಪಂಪಿನ ನೆರವಿಲ್ಲದೆ, ಮಟ್ಟದ ವ್ಯತ್ಯಾಸದಿಂದಲೇ ತಳದ ನೀರನ್ನು ಹೊರಗೆ ಸೆಳೆಯುತ್ತವೆ. ಒಳಚರಂಡಿಯ ಸುಧಾರಣೆಯೂ ಕೂಡಿ ನೀರು ಬಹುಮಟ್ಟಿಗೆ ತಿಳಿಯಾಯಿತು. ರೋಗವು ಸಂಪೂರ್ಣವಾಗಿ ವಾಸಿಯಾಯಿತೆಂದು ಹೇಳುವುದು ಮಾತ್ರ ಅವಸರದ ಮಾತಾದೀತು.

ವಿಹಾರ, ಕ್ರೀಡೆ: ದೋಣಿ ಸ್ಪರ್ಧೆಗೆ ವಿಧಿಸಿರುವ 2,000 ಮೀ. ದೂರವು ಸರೋವರದ ಉದ್ದದೊಳಗೆ ಸರಿಯಾಗಿ ಅಡಗುವುದರಿಂದ 1966, 1979, 1989, 2011ರ ವಿಶ್ವ ಚಾಂಪಿಯನ್‌ಷಿಪ್‌ಗಳು ಇಲ್ಲಿ ಜರುಗಿದವು. ದಡವನ್ನು ಸುತ್ತುವ ಕಾಲುದಾರಿ ಸುಮಾರು 6 ಕಿಮೀ. ಇದೆ. ದ್ವೀಪವೂ ಕೋಟೆಯೂ ಒಂದೇ ನೋಟಕ್ಕೆ ದೊರೆಯಬೇಕಾದರೆ ಪಶ್ಚಿಮದ ಓಸೊಯ್ನಿತ್ಸಾ ಗುಡ್ಡವನ್ನು ಮುಂಜಾನೆಯಲ್ಲಿ ಹತ್ತುವುದು ಲೇಸು. ಬೇಸಗೆಯಲ್ಲಿ ಈಜು ಪ್ರಧಾನ. ಚಳಿಗಾಲದಲ್ಲಿ ಸ್ಟ್ರಾಝಾ ಗುಡ್ಡದ ಮೇಲೆ ಹಿಮಜಾರಾಟ ನಡೆಯುತ್ತದೆ. ಚದುರಂಗದ ಚರಿತ್ರೆಯಲ್ಲಿ 1931ರಲ್ಲಿ ಅಲೆಖಿನ್ ಗೆದ್ದ ಪಂದ್ಯಾವಳಿಯಿಂದಲೂ ಈ ಊರು ಪರಿಚಿತ. ನೀರಿಗಿಳಿಯುವ ಪ್ರವಾಸಿಗಳು ಸಾಬೂನನ್ನು ಬಳಸದೆ, ಹಂಸಗಳಿಗೆ ರೊಟ್ಟಿಯನ್ನು ಎಸೆಯದೆ ಇರಬೇಕು. ಹಾಗೆ ಎಸೆದ ರೊಟ್ಟಿಯಲ್ಲಿಯೂ ಪಾಚಿಗೆ ಬೇಕಾದ ರಂಜಕವಿದೆ.